ಟ್ಯೂಬಿನ ಮೇಲಿನ ಸಮಯ

ಮಾರ್ಚ್ ೪, ಬೆಳಗ್ಗೆ ೮

ಫ್ರಿಜ್ ನಾಲ್ಕು ಡಿಗ್ರಿ. ಸರಿಯಿದೆ. ಹದಿಮೂರು ಟ್ಯೂಬು ಬಂದಿವೆ, ನಾಲ್ಕರ ಲೇಬಲ್ ಕಾಗೆ ಕಾಲು ಗುಬ್ಬಿ ಕಾಲು. ವಾರ್ಡಿಗೆ ಫೋನ್ ಮಾಡಿ ರೇಗಿದೆ. ಲ್ಯಾಬಿನಲ್ಲಿ ನನಗೆ ‘ಲೇಬಲ್ ಅತ್ತೆ’ ಅಂತ ಹೆಸರು. ಇರಲಿ.

ಒಂದರದ್ದು ಮಾತ್ರ ಮುತ್ತಿನಂಥ ಅಕ್ಷರ. ಏಳು ವರ್ಷದ ಹುಡುಗಿ. ಎರಡೂ ಕಣ್ಣು ಮಂಜು. ಕಣ್ಣಿನ ನರದ ಹೊದಿಕೆಯನ್ನು ಅವಳ ಮೈಯೇ ತಿನ್ನುತ್ತಿದೆಯಾ — ಹಾಗೆ ತಿನ್ನುವ ಆಂಟಿಬಾಡಿ ರಕ್ತದಲ್ಲಿದೆಯಾ ನೋಡಬೇಕು.

ಮಾರ್ಚ್ ೬

ನೆಗೆಟಿವ್. ಸಹಿ ಹಾಕಿ ಕಳಿಸಿದೆ.

ಮೆಟ್ಟಿಲ ಹತ್ತಿರ ಆ ಹುಡುಗಿ, ಅವಳ ಅಜ್ಜಿ ಸಿಕ್ಕರು. ಹಾಗಾದರೆ ಸ್ಟೀರಾಯ್ಡ್ ಮಾತ್ರೆ ಬೇಗ ನಿಲ್ಲಿಸಬಹುದು ಅಂದರಂತೆ ಡಾಕ್ಟರು. ಅಜ್ಜಿ ನನ್ನ ಕೈ ಬಿಡಲೇ ಇಲ್ಲ. ಹುಡುಗಿ ನನ್ನ ಕೋಟಿನ ಗುಂಡಿ ತಡವಿ ಎಣಿಸಿದಳು. ಮೂರನೆಯದು ಇಲ್ಲ ಅಂದಳು. ನನ್ನ ಕೈಲಿದ್ದ ಟ್ಯೂಬಿನ ಕೆಂಪು ಮುಚ್ಚಳ ಅವಳಿಗೆ ಬೂದು. ಈ ಕಾಯಿಲೆಯಲ್ಲಿ ಮೊದಲು ಮಾಸುವುದು ಕೆಂಪೇ.

ಮಾರ್ಚ್ ೯

ಉಳಿದ ಟ್ಯೂಬುಗಳನ್ನು ಫ್ರೀಜರಿಗೆ ಇಡುವಾಗ ಆ ಮುತ್ತಿನ ಅಕ್ಷರ ಮತ್ತೆ ಕಂಡಿತು. ರಕ್ತ ತೆಗೆದದ್ದು ಮಾರ್ಚ್ ೩ರ ಸಂಜೆ ೫.೪೦. ಜತೆಯ ಚೀಟಿಯಲ್ಲಿ — ಅದೇ ಮಧ್ಯಾಹ್ನ ಅವಳ ರಕ್ತದ ಪ್ಲಾಸ್ಮಾ ತೆಗೆದು ಬೇರೆ ತುಂಬಿದ್ದಾರೆ.

ಆಂಟಿಬಾಡಿ ಸೋಸಿ ಚೆಲ್ಲಿದ ಮೇಲೆ ತೆಗೆದ ರಕ್ತ! ಅಕ್ಷರ ಚೆನ್ನಾಗಿದೆಯೆಂದು ಸಮಯವನ್ನೇ ನೋಡಲಿಲ್ಲ ನಾನು. ನಾನು!

ಡಾಕ್ಟರ ಮುಂದೆ ತಪ್ಪು ಒಪ್ಪಿಕೊಂಡೆ. ಮಾತ್ರೆ ಇಳಿಸುವುದನ್ನು ತಡೆದರು. ಹುಡುಗಿ ಅಡ್ಮಿಟ್ ಆದ ದಿನದ, ಪ್ಲಾಸ್ಮಾ ಬದಲಿಸುವ ಮುಂಚಿನ ಸೀರಂ ಒಂದು ತೊಟ್ಟು ಉಳಿದಿದೆ. ಅದನ್ನೇ ಪರೀಕ್ಷೆಗೆ ಇಟ್ಟೆ.

ಮಾರ್ಚ್ ೧೧

ಪಾಸಿಟಿವ್. ಜೋರಾಗಿಯೇ.

ಅಜ್ಜಿಗೆ ನಾನೇ ಹೇಳಿದೆ. ಕೈ ಬಿಡಿಸಿಕೊಂಡರು.

“ಮೊನ್ನೆ ನೀವೇ ಇಲ್ಲ ಅಂದ್ರಲ್ಲಮ್ಮ?”

“ಸಮಯ ನೋಡ್ಲಿಲ್ಲ ಅಜ್ಜಿ. ತಪ್ಪು ನಂದೇ.”

“ಈ ಸಲ ಸಮಯ ನೋಡಿದ್ರಾ?”

“ಮೂರು ಸಲ.”

“ಸರಿ. ಮಾತ್ರೆ ಮುಂದುವರಿಸ್ಲಿ ಹಾಗಾದ್ರೆ.”

ನಾಚಿಕೆಯಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೨

ಅವಳ ಟ್ಯೂಬು ಮತ್ತೆ ಬಂತು. ಸಮಯ ೯.೧೦. ಅದಕ್ಕೆ ಮುಂಚೆ ಪ್ಲಾಸ್ಮಾ ಬದಲಿಸಿಲ್ಲವೆಂದು ವಾರ್ಡಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ.

ಏಪ್ರಿಲ್ ೨೪, ಸಂಜೆ

ಆಂಟಿಬಾಡಿ ಅರ್ಧಕ್ಕಿಂತ ಕೆಳಗೆ. ಆದರೆ ಸಂಖ್ಯೆ ಇಳಿದ ಮಾತ್ರಕ್ಕೆ ಕಣ್ಣು ಬಂತೆಂದಲ್ಲ. ವಾರ್ಡಿನವರನ್ನು ಕೇಳಲು ಧೈರ್ಯ ಬರಲಿಲ್ಲ.

ಐದು ಗಂಟೆಗೆ ಅಜ್ಜಿ, ಹುಡುಗಿ ರಿಪೋರ್ಟಿಗೆಂದು ಬಂದರು. ಒಳಗೆ ಬಿಡುವಂತಿಲ್ಲ, ಬಾಗಿಲಲ್ಲೇ ನಿಂತರು. ನಾನು ಈ ತುದಿಯ ಮೇಜಿನಲ್ಲಿ — ಹತ್ತು ಹೆಜ್ಜೆ ದೂರ. ಹುಡುಗಿ ಕಣ್ಣು ಕಿರಿದು ಮಾಡಿ ನನ್ನ ಕೋಟನ್ನೇ ನೋಡಿದಳು. ಕಳೆದ ವಾರ ಮೂರನೆಯ ಗುಂಡಿಯ ಜಾಗಕ್ಕೆ ಮನೆಯಲ್ಲಿ ಸಿಕ್ಕ ಯಾವುದೋ ಗುಂಡಿ ಹೊಲಿದುಕೊಂಡಿದ್ದೆ.

“ಬಿಳೀದು ಸಿಗ್ಲಿಲ್ವಾ? ಕೆಂಪು ಹಾಕ್ಕೊಂಡಿದೀರ.”

ರಿಪೋರ್ಟು ಎತ್ತಿಕೊಂಡು ಆ ಹತ್ತು ಹೆಜ್ಜೆ ನಡೆದು ಬಾಗಿಲಿಗೆ ಹೋದೆ.