ಮೂರನೇ ಭಾಗ ಬರುವ ಮೊದಲು

ಬನವಾಸಿ
9 ನವೆಂಬರ್ 2025

ಚಿ. ಶಾಂಭವಿಗೆ ದೇವಕ್ಕನ ಆಶೀರ್ವಾದ.

ನಾವೆಲ್ಲ ಕ್ಷೇಮ. ದೀಪಾವಳಿಗೆ ಮೊದಲೇ ಬರೆಯಬೇಕಿತ್ತು. ಮನೆಗೆ ನೆಂಟರು ಬಂದು ಹೋಗುತ್ತಿದ್ದರು, ತಡವಾಯಿತು. ಅನಾನಸ್ ದರ ಈ ಸಲವೂ ಇಳಿದಿದೆ. ಫೋನಿನಲ್ಲಿ ವಾದಕ್ಕಿಳಿದರೆ ನೀನೇ ಗೆಲ್ಲುತ್ತೀ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ.

ನೀನು ನನ್ನ ಮಗ ಪವನ್‌ನಿಂದ ಬೇರೆಯಾಗಿ ಯಲ್ಲಾಪುರಕ್ಕೆ ಹೋದ ಮೇಲೂ ‘ಹೊಳೆಗಡಿ’ಯ ಹೊಸ ಭಾಗ ಬಂದಾಗಲೆಲ್ಲ ನಾವಿಬ್ಬರೂ ಶಿರಸಿಯ ಟಾಕೀಸಿನಲ್ಲಿ ಸೇರಿದ್ದೇವೆ. ನಿಮ್ಮಿಬ್ಬರ ಸಂಬಂಧ ಕೋರ್ಟಿನಲ್ಲಿ ಮುಗಿಯಿತು. ನಮ್ಮಿಬ್ಬರದು ಸಿನಿಮಾದ ನೆಪದಲ್ಲಿ ಉಳಿದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಹಳೆಯ ‘ಹೊಳೆಗಡಿ’ಯಲ್ಲಿ ಪಾಳೇಗಾರ ದುರ್ಗಪ್ಪ ನಾಯಕ ಹೆಂಡತಿ ಗಂಗವ್ವನನ್ನು ದೋಣಿ ಹತ್ತಿಸಿ ಹೊಳೆಯಾಚೆ ಕಳಿಸಿಬಿಡುತ್ತಾನೆ. ಯಾಕೆಂದು ಹೇಳುವುದಿಲ್ಲ. ಅದಕ್ಕೇ ಅವನನ್ನು ಕಂಡರೆ ಭಯವಾಗುತ್ತಿತ್ತು. ಹೊಸ ಸರಣಿ ಅದಕ್ಕೂ ಹಿಂದಿನ ಕಥೆ. ಇಲ್ಲಿ ಅವನ ಕೆನ್ನೆಯ ಗಾಯಕ್ಕೆ ಕಾರಣ, ಕುದುರೆಯ ಹೆಸರಿಗೆ ಕಾರಣ, ಮೀಸೆಗೂ ಒಂದು ಕಾರಣ. ಎರಡನೇ ಭಾಗದಲ್ಲಿ ಸುಂಕದ ಸಭೆ ಮುಗಿಯುವುದೇ ಇಲ್ಲ. ಪತ್ರಿಕೆಗಳಲ್ಲಿ ಒಂದು ನಾಲ್ಕು ನಕ್ಷತ್ರ ಕೊಟ್ಟರೆ ಇನ್ನೊಂದು ಒಂದೂವರೆ ಕೊಟ್ಟಿದೆ. ಹೊಳೆ ಕಂಪ್ಯೂಟರಿನದು ಎಂಬುದನ್ನು ಮಾತ್ರ ಎರಡೂ ಒಪ್ಪಿವೆ.

ಗುಣವನ್ನೂ ಹೇಳಬೇಕು. ಸಂತೆಯ ದೃಶ್ಯದಲ್ಲಿ ಜನ ಚೌಕಾಸಿ ಮಾಡುವ ಮಾತು ಸಹಜವಾಗಿದೆ. ಗಂಗವ್ವನಾದ ಹುಡುಗಿ ಹಳೆಯವಳಿಗಿಂತ ಒಳ್ಳೆಯ ನಟಿ.

ಮಧ್ಯಂತರದಲ್ಲಿ ನಾನು, “ಕಡೀಕ ಅಕಿನ್ನ ಹೊರಗ ಹಾಕ್ತಾನಂತ ಗೊತ್ತೈತಿ. ಮತ್ತ ಮದುವಿ ಸಂಭ್ರಮ ಯಾಕ ನೋಡಬೇಕ?” ಎಂದಿದ್ದೆ. ನೀನು, “ಗೊತ್ತೈತಂತನ ನೋಡಬೇಕ್ರಿ ಅತ್ತಿ. ಅವತ್ತು ಅಕಿ ನಕ್ಕಿದ್ದೇನು ಸುಳ್ಳಾ?” ಎಂದೆ. ಅಷ್ಟರಲ್ಲಿ ಹಿಂದಿನ ಸಾಲಿನವನು, “ಅಮ್ಮಾರ, ಪಿಚ್ಚರ್ ಶುರು ಆತ್ರಿ. ಇನ್ನ ಅವರಿಗೂ ಸ್ವಲ್ಪ ಮಾತಾಡಾಕ ಬಿಡ್ರಿ” ಎಂದ. ನೀನು ನಗು ತಡೆಯಲಾರದೆ ಪಾಪ್‌ಕಾರ್ನ್ ಚೆಲ್ಲಿದೆ.

ನಿನ್ನ ಮಾತಿನ ಬಗ್ಗೆ ಯೋಚಿಸಿದೆ. ಅರ್ಧ ಒಪ್ಪಿದ್ದೇನೆ. ಮದುವೆಯ ದೃಶ್ಯ ಇರಲಿ. ಆದರೆ ದುರ್ಗಪ್ಪನಿಗೆ ಬಾಲ್ಯದ ದುಃಖವನ್ನು ಅಂಟಿಸಿ ಕಣ್ಣೀರು ಹಾಕಿಸಿದ್ದನ್ನು ಒಪ್ಪಲಾರೆ. ಹೆಂಡತಿಯನ್ನು ಕಳಿಸಿದವನಿಗೆ ಕಾರಣ ಹುಡುಕಿಕೊಡುವುದು ನಿರ್ದೇಶಕನ ಕೆಲಸವಲ್ಲ. ತಾಯಿಯ ಕೆಲಸವೂ ಅಲ್ಲ.

ನೀನು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದಾಗಿ ಬರೆದಿದ್ದೆ. ಬಸ್ಸಿನಲ್ಲಿ ನಿನಗೆ ವಾಂತಿಯಾಗುತ್ತದೆ, ಮುಂದಿನ ಸೀಟಿನಲ್ಲಿ ಕೂರು. ನಿನಗೆ ಒಳ್ಳೆಯದಾಗಲಿ.

ನಿನ್ನ
ದೇವಕ್ಕ

ತಾ.ಕ.: ಬಂದಿದ್ದ ನೆಂಟರು ಹೆಣ್ಣಿನ ಕಡೆಯವರು. ಪವನ್‌ಗೆ ಮದುವೆ ನಿಶ್ಚಯವಾಗಿದೆ, ಮಾರ್ಚಿಗೆ. ಹುಡುಗಿಯ ಕಾಕಾ, “ಮೊದಲಿನ ಸೊಸಿ ಕೂಡ ಇನ್ನೂ ಹೋಗಿಬರೋದು ಐತೇನ್ರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪವನ್, “ಇಲ್ರಿ, ಎಲ್ಲಾ ಬಿಟ್ಟೈತಿ” ಎಂದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ಯವ್ವಾ, ಇನ್ನರ ಅದನ್ನ ಖರೇ ಮಾಡು” ಎಂದ. ಮೂರನೇ ಭಾಗವನ್ನು ನೀನು ಹುಬ್ಬಳ್ಳಿಯಲ್ಲಿ ನೋಡು, ನಾನು ಶಿರಸಿಯಲ್ಲಿ ನೋಡುತ್ತೇನೆ. ಹೇಗಿತ್ತೆಂದು ಬರೆ. ಮನೆಯ ವಿಳಾಸಕ್ಕೆ ಬೇಡ. ಬಸ್ ಸ್ಟ್ಯಾಂಡಿನ ಹತ್ತಿರ ಜ್ಯೋತಿಯ ಹೊಲಿಗೆ ಅಂಗಡಿ ಇದೆ, ಅಲ್ಲಿಗೆ ಹಾಕು. ಅವಳಿಗೆ ಹೇಳಿಟ್ಟಿದ್ದೇನೆ.