ನೆಮ್ ಕಾನ್

ಮಾರ್ಚ್ 3, ಸಂಜೆ
ಮತ್ತೆ ಕೌನ್ಸಿಲ್ ನಡಾವಳಿ. ಹದಿನಾರು ವಿಷಯ, ಬೆರಳೆಲ್ಲ ಇಂಕು. ಹನ್ನೊಂದನೆಯದು — ಊರಿನ ಹೆರಿಗೆ ವಾರ್ಡು ಮುಚ್ಚುವುದು. ಸೋದರತ್ತೆ ಎದ್ದು ನಿಂತರು. ಮೂವತ್ತು ವರ್ಷ ಅಲ್ಲೇ ನರ್ಸ್ ಆಗಿದ್ದವರು, ಈಗ ಸದಸ್ಯೆ. "ನನ್ನ ವಿರೋಧ ಇದೆ" ಅಂದರು. ಅಧ್ಯಕ್ಷರು ಕೇಳಿಸದವರಂತೆ, "ಪಾಸ್. ನೆಮ್ ಕಾನ್ ಅಂತ ಬರ್ಕೊಳ್ರಿ" ಎಂದರು.
ಬರೆದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 4
ಲೈಬ್ರರಿಯವರನ್ನು ಕೇಳಿದೆ. ಲ್ಯಾಟಿನ್ ಅಂತೆ — ನೆಮಿನೆ ಕಾಂಟ್ರಾಡಿಸೆಂಟೆ. ಎದುರು ಮಾತಾಡಿದವರು ಯಾರೂ ಇಲ್ಲದೆ. ಇಂಗ್ಲಿಷರ ಪಾರ್ಲಿಮೆಂಟಿನ ಪುಸ್ತಕಗಳಲ್ಲಿ ಮೊಟಕಾಗಿ ನಮ್ಮ ತನಕ ಬಂದಿದೆ. "ಎಲ್ಲರೂ ಒಪ್ಪಿದ್ರು ಅಂತಲ್ಲಪ್ಪ, ಬಾಯಿ ಮುಚ್ಕೊಂಡಿದ್ರು ಅಂತ ಅಷ್ಟೇ."
ಅತ್ತೆ ಬಾಯಿ ಮುಚ್ಚಿರಲಿಲ್ಲವಲ್ಲ!

ಮಾರ್ಚ್ 9
ಅತ್ತೆಗೆ ಹಾರ್ಟ್ ಅಟ್ಯಾಕ್. ದೊಡ್ಡಾಸ್ಪತ್ರೆ. ಮಾಸ್ಕ್ ಸರಿಸಿ ನನ್ನ ಕೈ ಹಿಡಿದರು.
"ಒಂದೇ ಒಂದು ವಿರೋಧ ಇದ್ರೂ ಜನರನ್ನ ಕೇಳದೆ ವಾರ್ಡು ಮುಚ್ಚೋ ಹಾಗಿಲ್ಲ ಕಣೋ. ನಾನು ನಿಂತಿದ್ದು ನೋಡಿದ್ಯಲ್ಲ?"
"ನೋಡಿದೆ ಅತ್ತೆ."
"ಮತ್ಯಾಕೋ ಹಂಗೆ ಬರ್ದೆ?"
ನಾಚಿಕೆಯಿಂದ ಸತ್ತೆ. ಕೆಲಸ ಖಾಯಂ ಆಗಲು ಇನ್ನು ಎರಡೇ ತಿಂಗಳು...

ಮಾರ್ಚ್ 17
ನಾಳೆ ಸಭೆಯಲ್ಲಿ ಹಿಂದಿನ ನಡಾವಳಿ ಓದಿ ಸಹಿ ಮಾಡಿಸಬೇಕು. ಸಹಿ ಬಿದ್ದರೆ ಮುಗಿಯಿತು, ಮತ್ತೆ ತಿದ್ದುವಂತಿಲ್ಲ. ಹೆಂಡತಿ ಅಂದಳು: "ಅತ್ತೆಗೋಸ್ಕರ ತಿದ್ದಿದ್ರು ಅಂತಾರೆ. ಅನ್ಲಿ ಬಿಡಿ. ಒಂದು ವಾರದಿಂದ ನಿಮ್ಮ ಮುಖ ನೋಡೋಕಾಗ್ತಿಲ್ಲ ನಂಗೆ."

ಮಾರ್ಚ್ 18, ಮಧ್ಯಾಹ್ನ 1
ಓದಿದೆ. ಹನ್ನೊಂದನೆಯ ವಿಷಯಕ್ಕೆ ಬಂದೆ. "ತಿದ್ದುಪಡಿ — ವಿರೋಧ ಒಂದು" ಎಂದು ಅತ್ತೆಯ ಹೆಸರು ಹೇಳಿಬಿಟ್ಟೆ. ಅಧ್ಯಕ್ಷರು ಕೆಂಡವಾದರು.
"ಏನ್ರೀ ಇದು ಅಧಿಕಪ್ರಸಂಗ? ಇವರು ಹೇಳ್ತಿರೋದು ಸುಳ್ಳು ಅನ್ನೋರು ಹೇಳ್ರಪ್ಪ!"
ಹದಿನಾಲ್ಕು ಜನ. ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಮೇಜನ್ನೇ ನೋಡುತ್ತ ಕೂತರು. ಎಲ್ಲರೂ ಅವತ್ತು ಕಣ್ಣಾರೆ ಕಂಡವರೇ.
ತಿದ್ದುಪಡಿ ಪಾಸ್, ನೆಮ್ ಕಾನ್. ಅಧ್ಯಕ್ಷರು ಹಲ್ಲು ಕಚ್ಚಿ ಸಹಿ ಹಾಕಿದರು. ವಾರ್ಡು ಸದ್ಯಕ್ಕೆ ಉಳಿಯಿತು!

ಸಂಜೆ 4
ಮೆಮೊ ಬಂತು. ಬರಲಿ. ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳುವ ಮಾತಲ್ಲ, ಅತ್ತೆಯ ಎದುರೇ ನಿಂತು ಹೇಳಬೇಕು. ಹಿಗ್ಗುತ್ತಾರೆ.
ಆಸ್ಪತ್ರೆ ಸ್ಟಾಪ್ ಬಂತು. ಗೇಟಿನಲ್ಲಿ ಹೆಂಡತಿ. ಇಷ್ಟು ಹೊತ್ತಿಗೆ ಇವಳು ಆಫೀಸಿನಲ್ಲಿರಬೇಕಿತ್ತು. ಯಾಕೆ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು—