ಸೀಳುತುಟಿಯ ಮರಿ

ನಾರಾಯಣಖೇಡ
ಚಿತ್ರಭಾನು ಸಂವತ್ಸರ, ಕಾರ್ತಿಕ ಬಹುಳ ಪಂಚಮಿ
ಫಸಲಿ ೧೩೫೨

ಮಗಳು ಸುಭದ್ರಮ್ಮನಿಗೆ,

ಜಹೀರಾಬಾದಿನಲ್ಲಿ ನಿನ್ನ ಸೋದರತ್ತೆ ಬಂಡಮ್ಮನ ಮನೆಯಲ್ಲಿ ನೀನೂ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಆರು ತಿಂಗಳಿಂದ ಒಂದಕ್ಷರ ಬರೆಯಲಿಲ್ಲ, ಕ್ಷಮಿಸು. ರಂಗದ ಮೇಲೆ ಗರ್ಜಿಸಿದವನಿಗೆ ಒಂದು ಕಾಗದಕ್ಕೆ ದನಿ ಏಳಲಿಲ್ಲ.

ಆ ದಿನ ನಿನ್ನ ಮಾವ ಭೀಮಶಾ ತಾಂಡೂರಿನಿಂದ ಬಂದು, "ಗ್ರಹಣದಾಗ ಈಳಿಗಿ ಹಿಡದಾಳ, ಅದಕ್ಕೇ ಕೂಸಿನ ತುಟಿ ಸೀಳೈತಿ. ಮಂದ್ಯಾಗ ತಪ್ಪಾತು ಅನ್ಲಿ, ಕರಕೊಂಡು ಹೋಗ್ತೀವಿ" ಎಂದರು. ನೀನು ತಲೆ ತಗ್ಗಿಸಲಿಲ್ಲ. "ನಾ ಮುಟ್ಟಿಲ್ರಿ. ಮುಟ್ಟಿದವರ ಕೂಸೆಲ್ಲ ಹಿಂಗೇ ಹುಟ್ಟ್ಯಾವೇನು? ಯಾರನ್ನರ ಕೇಳಿ ನೋಡೀರೇನು?" ಎಂದೆ. ದುರ್ಯೋಧನನಂತೆ ಎದ್ದು ನಿಂತು "ಹಿರಿಯರಿಗೇ ಪ್ರಶ್ನೆಯೇ!" ಎಂದು ಕೂಗಿದವನು, ನಿನ್ನನ್ನು ಮನೆಯಿಂದ ಹೊರಡಿಸಿದವನು ನಾನು.

ಈಗ ಕೇಳು. ಹದಿನೈದು ದಿನದ ಹಿಂದೆ ನಮ್ಮ ದೊಡ್ಡಿಯಲ್ಲಿ ಒಂದು ಕುರಿಮರಿ ಸೀಳುತುಟಿಯೊಂದಿಗೇ ಹುಟ್ಟಿತು. ಅದಕ್ಕೆ ಹಾಲು ಚೀಪಲಾಗದು. ಬಟ್ಟೆಯ ಬತ್ತಿ ಅದ್ದಿ ನಾನೇ ಕುಡಿಸುತ್ತಿದ್ದೇನೆ. ನಮ್ಮ ಹಿರಿಯ ಧರ್ಮಣ್ಣನನ್ನು ಕರೆದು ತೋರಿಸಿದೆ.

"ಕಾಕಾ, ಈ ಕುರಿ ಯಾವ ಈಳಿಗಿ ಹಿಡದಿತ್ತು?"

"ಗ್ರಹಣ ನೋಡಿರಬೇಕು ಬಿಡೋ."

"ಯಾವ ಗ್ರಹಣ? ಮೃಗಶಿರಾ ಮಳಿ ಬಿದ್ದ ಮ್ಯಾಲೆ ಟಗರು ಬಿಟ್ಟೀನಿ. ಅಂದಿನಿಂದ ಒಂದರ ಗ್ರಹಣ ಹಿಡದೈತೇನು?"

ಧರ್ಮಣ್ಣ ಬೆರಳು ಮಡಿಚಿ ತಿಂಗಳು ಎಣಿಸಿದ. "ನಾಟಕದ ಮಾತು ದೊಡ್ಡ್ಯಾಗ ಆಡಬ್ಯಾಡ" ಎಂದು ಎದ್ದುಹೋದ.

ಕಾರಣವೇನೆಂದು ನನಗೂ ತಿಳಿಯದು, ತಾಯಿ. ಹೋದ ವರ್ಷ ಇದೇ ಟಗರಿಗೆ ಹುಟ್ಟಿದ ಇನ್ನೊಂದು ಮರಿಯೂ ಹೀಗೇ ಇತ್ತು. ಗ್ರಹಣವಲ್ಲ, ಅಷ್ಟು ಖಂಡಿತ.

ತಾಂಡೂರಿಗೂ ಹೋಗಿ ಮೊನ್ನೆ ಬಂದೆ. ಮೈ ಸೋತಿದೆ. ಭೀಮಶಾ ನಕ್ಕರು: "ಬೀಗ್ರ, ಕುರಿ ಸಾಕ್ಷಿ ತಂದೀರೇನು? ಬರೋ ಹುಣ್ಣಿವಿ ತನಕ ನೋಡ್ತೀನಿ. ಆಮ್ಯಾಲೆ ಮಗನಿಗೆ ಬ್ಯಾರೆ ಹೆಣ್ಣು ತರ್ತೀನಿ."

ಆದರೂ ತಪ್ಪಾಯಿತು ಎನ್ನಬೇಡ. ಆ ಮನೆಗೆ ಹೋಗುವುದಾದರೆ ತಲೆಯೆತ್ತಿ ಹೋಗು. ಇಲ್ಲವಾದರೆ ಇಲ್ಲಿಗೆ ಬಾ. ನಮ್ಮ ಕುಲದೇವರು ಬೀರಪ್ಪ ನಿಮ್ಮಿಬ್ಬರನ್ನೂ ಕಾಯಲಿ. ನೀನು ಕೇಳಿದಂಥ ಪ್ರಶ್ನೆ ನಿನ್ನ ಮಗನ ನಾಲಿಗೆಗೂ ಬರಲಿ.

ನಿನ್ನ ಅಪ್ಪ,
ಬೀರಣ್ಣ

ಮರೆತದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು: ಇವತ್ತು ಮೀಸೆ ಬೋಳಿಸಿದೆ. ನನ್ನ ಮೇಲ್ತುಟಿಯಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ಸೀಳಿದೆ. ಅದಕ್ಕಾಗಿ ನಾನು ಹುಟ್ಟಿದ ಬೊಮ್ರಾಸಪೇಟಿನವರು ನನ್ನವ್ವನನ್ನು ಆಡಿಕೊಂಡರು. ಊರು ಬಿಟ್ಟು ಇಲ್ಲಿಗೆ ಬಂದೆವು. ಈ ಮುಖ ತೋರಿಸಲು ನಾಳೆ ಮತ್ತೆ ತಾಂಡೂರಿಗೆ ಹೊರಟಿದ್ದೇನೆ. ನಿನ್ನ ಕೂಸನ್ನು ಕಂಡ ಕೂಡಲೇ ಅದು ನನ್ನ ತುಟಿಯೇ ಎಂದು ನನಗೆ ಗೊತ್ತಾಗಿತ್ತು, ಸುಭದ್ರಾ. ಯಾರೂ ನನ್ನ ತುಟಿ ನೋಡಬಾರದೆಂದೇ ಆ ದಿನ ಅಷ್ಟು ಜೋರಾಗಿ ಕೂಗಿದೆ.